‘ಥಿಂಗ್’ ಪದದ ಮೂಲಾರ್ಥ: ಸಭೆಯೋ, ವಸ್ತುವೋ?

ಚುನಾವಣೆಯ ದಿನಗಳಲ್ಲಿ ನಮ್ಮ ಇಂಗ್ಲಿಷ್ ಪತ್ರಿಕೆಗಳು ‘ಹಸ್ಟಿಂಗ್ಸ್’ ಎಂಬ ಪದವನ್ನು ಧಾರಾಳವಾಗಿ ಬಳಸುತ್ತವೆ. ಚುನಾವಣಾ ಕಣ, ಪ್ರಚಾರದ ವೇದಿಕೆ ಎಂದು ನಾವು ಅದನ್ನು ಅರ್ಥಮಾಡಿಕೊಳ್ಳುತ್ತೇವೆ. (ವಾರನ್ ಹೇಸ್ಟಿಂಗ್ಸ್‌ನ ಹೆಸರಿಗೂ ಇದಕ್ಕೂ ಯಾವ ನಂಟೂ ಇಲ್ಲ.) ಸ್ಕ್ಯಾಂಡಿನೇವಿಯದ ಹಳೆಯ ನುಡಿಯಾದ ಪ್ರಾಚೀನ ನಾರ್ಸ್ ಭಾಷೆಯಲ್ಲಿ ಇದು ‘ಹೂಸ್‌ಥಿಂಗ್’, ಅಂದರೆ ‘ಮನೆಸಭೆ’, ರಾಜನೋ ನಾಯಕನೋ ನಾಡಿನವರನ್ನೆಲ್ಲ ಕರೆಯದೆ ತನ್ನ ಪರಿವಾರದವರನ್ನಷ್ಟೇ ಸೇರಿಸಿ ನಡೆಸುತ್ತಿದ್ದ ಸಭೆ. ಅದು ಇಂಗ್ಲೆಂಡಿಗೆ ಬಂದು ಲಂಡನ್ನಿನ ಒಂದು ನ್ಯಾಯಾಲಯದ ಹೆಸರಾಯಿತು, ಆಮೇಲೆ ನ್ಯಾಯಾಧಿಕಾರಿಗಳು ಕೂರುವ ಜಗಲಿಯ ಹೆಸರಾಯಿತು, ಕೊನೆಗೆ ಉಮೇದುವಾರರು ನಿಂತು ಮಾತನಾಡುವ ಅಟ್ಟಣೆಯ ಹೆಸರಾಯಿತು. 1872ರಲ್ಲಿ ಗುಪ್ತ ಮತದಾನ ಬಂದ ಮೇಲೆ ಆ ಅಟ್ಟಣೆ ಹೋಯಿತು, ಪದ ಉಳಿಯಿತು. ನನ್ನ ಕುತೂಹಲವಿರುವುದು ಇದರ ಉತ್ತರಪದದಲ್ಲಿ. ಈ ‘ಥಿಂಗ್’ ಮತ್ತು ‘ವಸ್ತು’ ಎಂಬ ಅರ್ಥದಲ್ಲಿ ಮಕ್ಕಳಿಗೂ ಗೊತ್ತಿರುವ ‘ಥಿಂಗ್’ ಮೂಲದಲ್ಲಿ ಒಂದೇ ಪದವೆಂದರೆ ನಂಬುವುದು ಮೊದಲಿಗೆ ಕಷ್ಟ.

ಇದು ಜರ್ಮಾನಿಕ್ ಭಾಷೆಗಳ ಸಮಾನ ಆಸ್ತಿ. ಜರ್ಮನ್ ಮತ್ತು ಡಚ್ ಭಾಷೆಗಳಲ್ಲಿ ‘ಡಿಂಗ್’, ಸ್ವೀಡಿಷ್, ಡೇನಿಷ್, ನಾರ್ವೇಜಿಯನ್‌ಗಳಲ್ಲಿ ‘ಟಿಂಗ್’, ಐಸ್ಲ್ಯಾಂಡಿಕ್‌ನಲ್ಲಿ ಇಂಗ್ಲಿಷಿನಂತೆಯೇ ‘ಥಿಂಗ್’. ಇಂಗ್ಲಿಷ್, ಜರ್ಮನ್, ಡಚ್‌ಗಳಲ್ಲಿ ಇಂದು ಉಳಿದಿರುವುದು ‘ವಸ್ತು, ವಿಷಯ’ ಎಂಬ ಅರ್ಥ ಮಾತ್ರ. ಉತ್ತರದ ದೇಶಗಳಲ್ಲಿ ಸಭೆಯ ಅರ್ಥ ಇನ್ನೂ ಜೀವಂತವಾಗಿದೆ: ನಾರ್ವೆಯ ಸಂಸತ್ತು ಸ್ಟೋರ್ಟಿಂಗ್, ಡೆನ್ಮಾರ್ಕಿನದು ಫೋಲ್ಕೆಟಿಂಗ್, ಐಸ್ಲ್ಯಾಂಡಿನದು ಆಲ್ಥಿಂಗಿ. ಡೇನಿಷ್ ಮತ್ತು ನಾರ್ವೇಜಿಯನ್ ಭಾಷೆಗಳು ಎರಡು ಅರ್ಥಗಳನ್ನೂ ಇಟ್ಟುಕೊಂಡು, ಗೊಂದಲವಾಗದಂತೆ ಲಿಂಗಭೇದದಿಂದ ಬೇರ್ಪಡಿಸಿರುವುದು ಸೊಗಸಾಗಿದೆ. ‘ಎನ್ ಟಿಂಗ್’ ಎಂದರೆ ಒಂದು ವಸ್ತು, ‘ಎಟ್ ಟಿಂಗ್’ ಎಂದು ನಪುಂಸಕದಲ್ಲಿ ಹೇಳಿದರೆ ಒಂದು ಸಭೆ.

ಎರಡರಲ್ಲಿ ಹಳೆಯದು ಸಭೆಯ ಅರ್ಥವೇ ಎನ್ನಲು ಆಧಾರಗಳು ಗಟ್ಟಿಯಾಗಿವೆ. ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಬಳಿ, ಹೌಸ್‌ಸ್ಟೆಡ್ಸ್ ಎಂಬಲ್ಲಿ, ರೋಮನ್ ಸೇನೆಯಲ್ಲಿದ್ದ ಜರ್ಮಾನಿಕ್ ಸೈನಿಕರು ಮೂರನೆಯ ಶತಮಾನದಲ್ಲಿ ನಿಲ್ಲಿಸಿದ ಶಿಲಾಶಾಸನವೊಂದು ‘ಮಾರ್ಸ್ ಥಿಂಕ್ಸಸ್’ ಎಂಬ ದೇವರಿಗೆ ಅರ್ಪಿತವಾಗಿದೆ. ಅಂದರೆ ಸಭೆಯನ್ನು ಕಾಯುವ ಯುದ್ಧದೇವತೆ. ಮಂಗಳವಾರಕ್ಕೆ ಜರ್ಮನ್ನರು ‘ಡೀನ್ಸ್‌ಟಾಗ್’ ಎಂದೂ ಡಚ್ಚರು ‘ಡಿನ್ಸ್‌ಡಾಗ್’ ಎಂದೂ ಹೇಳುವುದು ಈ ದೇವರ ಹೆಸರಿನಿಂದಲೇ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿವರಣೆ. ಏಳನೆಯ ಶತಮಾನದ ಕೆಂಟ್ ರಾಜ್ಯದ ಕಾನೂನುಗಳಲ್ಲಿ ಇಂಗ್ಲಿಷ್ ‘ಥಿಂಗ್’ ಕಾಣಿಸಿಕೊಳ್ಳುವುದೂ ನ್ಯಾಯಸಭೆಯ ಅರ್ಥದಲ್ಲಿಯೇ. ಐಸ್ಲ್ಯಾಂಡಿನಲ್ಲಿ ಸುಮಾರು 930ರಿಂದ ಪ್ರತಿ ಬೇಸಿಗೆಯಲ್ಲಿಯೂ ಥಿಂಗ್‌ವೆಟ್ಲಿರ್, ಎಂದರೆ ‘ಸಭೆಯ ಬಯಲು’, ಎಂಬಲ್ಲಿ ಜನ ಸೇರುತ್ತಿದ್ದರು, ಮತ್ತು ಬರೆದಿಟ್ಟ ಶಾಸನವಿಲ್ಲದ ಆ ಕಾಲದಲ್ಲಿ ಕಾನೂನನ್ನು ಬಾಯಿಪಾಠ ಮಾಡಿಕೊಂಡಿದ್ದ ‘ಕಾನೂನು ನುಡಿಯುವವನು’ ಬಂಡೆಯ ಮೇಲೆ ನಿಂತು ಅದನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದನು. ಸ್ಕಾಟ್ಲೆಂಡಿನ ಡಿಂಗ್ವಾಲ್ ಪಟ್ಟಣ, ಮ್ಯಾನ್ ದ್ವೀಪದ ಸಂಸತ್ತಾದ ಟಿನ್‌ವಾಲ್ಡ್, ಇವೂ ಅದೇ ‘ಸಭೆಯ ಬಯಲು’ಗಳೇ.

ಸಭೆಯಿಂದ ವಸ್ತುವಿಗೆ ದಾರಿ ಸಿಕ್ಕಿದ್ದು ವ್ಯಾಜ್ಯದ ಮೂಲಕ. ಮೊದಲು ಜನ ಸೇರುವ ಸಭೆ. ಬಳಿಕ ಆ ಸಭೆಯ ಮುಂದಿಟ್ಟ ದೂರು. ಬಳಿಕ ಮಾತಿಗೆ ಬಂದ ಯಾವುದೇ ವಿಷಯ. ಕಡೆಗೆ ಕೈಯಲ್ಲಿ ಹಿಡಿಯಬಹುದಾದ ಯಾವುದೇ ಪದಾರ್ಥ. ಇದು ಒಂದೇ ಪದಕ್ಕೆ ಆದ ಆಕಸ್ಮಿಕವಲ್ಲ. ಲ್ಯಾಟಿನ್ನಿನ ‘ಕೌಸ’ಕ್ಕೆ ಮೊಕದ್ದಮೆ ಎಂಬ ಅರ್ಥವಿತ್ತು; ಅದೇ ಫ್ರೆಂಚಿನಲ್ಲಿ ‘ಶೋಜ್’, ಇಟಾಲಿಯನ್‌ನಲ್ಲಿ ‘ಕೋಸ’ ಆಗಿ ‘ವಸ್ತು’ ಎಂದಾಯಿತು. ವಸ್ತು, ವಿಷಯಗಳಿಗೆ ಜರ್ಮನ್ನರು ಹೇಳುವ ಇನ್ನೊಂದು ಪದ ‘ಜಾಖೆ’ಯೂ ಹಿಂದೆ ವ್ಯಾಜ್ಯವೇ ಆಗಿತ್ತು, ಅದರ ಇಂಗ್ಲಿಷ್ ದಾಯಾದಿ ‘ಸೇಕ್’ ಇಂದು ‘ಯಾರದೋ ಸಲುವಾಗಿ’ ಎಂಬ ನುಡಿಗಟ್ಟಿನಲ್ಲಿ ಮಾತ್ರ ಉಸಿರಾಡುತ್ತಿದೆ. ಹಳೆಯ ಕಟಕಟೆಯ ವಾಸನೆ ಪೂರ್ತಿ ಹೋಗಿಯೂ ಇಲ್ಲ. ಡಚ್‌ನಲ್ಲಿ ‘ಖೆಡಿಂಗ್’ ಎಂದರೆ ಈಗಲೂ ಮೊಕದ್ದಮೆ. ಜರ್ಮನ್ನಿನಲ್ಲಿ ‘ರಕ್ಷಿಸು, ಸಮರ್ಥಿಸು’ ಎಂಬರ್ಥದ ‘ಫೆರ್ಟೈಡಿಗನ್’ ಕ್ರಿಯಾಪದದ ಒಡಲಲ್ಲಿರುವುದು ‘ಟಾಗೆಡಿಂಕ್’, ಅಂದರೆ ವಾಯಿದೆಯ ದಿನದ ನ್ಯಾಯಸಭೆ.

ಇನ್ನೂ ಹಿಂದಕ್ಕೆ ಹೋದರೆ, ಈಗ ಅಳಿದುಹೋಗಿರುವ ಜರ್ಮಾನಿಕ್ ಭಾಷೆಯಾದ ಗಾಥಿಕ್‌ನಲ್ಲಿ ‘ಕಾಲ’ ಎಂಬ ಅರ್ಥದ ‘ಥೀಹ್ಸ್’ ಪದವನ್ನು ವಿದ್ವಾಂಸರು ಇದರ ಬಂಧುವೆಂದು ಗುರುತಿಸುತ್ತಾರೆ. ಹಾಗಾದರೆ ಸಭೆಗೆ ಈ ಹೆಸರು ಬಂದದ್ದು ಅದು ಗೊತ್ತುಪಡಿಸಿದ ಕಾಲದಲ್ಲಿ ಸೇರುತ್ತಿದ್ದುದರಿಂದ.

ಕನ್ನಡಿಗರಿಗೆ ಈ ಅರ್ಥಪಲ್ಲಟ ಅಪರಿಚಿತವೆಂದು ನನಗೆ ತೋರುವುದಿಲ್ಲ. ಸಂಸ್ಕೃತದಲ್ಲಿ ‘ಸಂಗತಿ’ ಎಂದರೆ ಮೊದಲಿಗೆ ಕೂಡುವುದು, ಸೇರುವುದು. ನಮಗೆ ಅದು ‘ವಿಷಯ’. ‘ವಿಚಾರಣೆ’ಯನ್ನು ನ್ಯಾಯಾಲಯಕ್ಕೆ ಬಿಟ್ಟುಕೊಟ್ಟ ನಾವು, ‘ಆ ವಿಚಾರ ಬಿಡು’ ಎನ್ನುವಾಗ ಯಾವ ತನಿಖೆಯನ್ನೂ ನೆನೆಯುವುದಿಲ್ಲ. ಧರ್ಮಶಾಸ್ತ್ರಗಳಲ್ಲಿ ನ್ಯಾಯನಿರ್ಣಯದ ಕ್ರಮವಾಗಿದ್ದ ‘ವ್ಯವಹಾರ’ ಇಂದು ಅಂಗಡಿಯಲ್ಲಿಯೂ ಇದೆ, ಮನೆಯಲ್ಲಿಯೂ ಇದೆ. ಎಲ್ಲಕ್ಕಿಂತ ಹತ್ತಿರದ ಉದಾಹರಣೆ ‘ಪಂಚಾಯ್ತಿ’. ‘ಊರವರ ಪಂಚಾಯ್ತಿ ನಿನಗ್ಯಾಕೆ?’ ಎಂದು ಅಜ್ಜಿ ಗದರಿದಾಗ ಅಲ್ಲಿ ಐವರು ಹಿರಿಯರೂ ಇಲ್ಲ, ಅರಳಿಕಟ್ಟೆಯೂ ಇಲ್ಲ. ಇರುವುದು ಇತರರಿಗೆ ಸಂಬಂಧಿಸಿದ ವಿಷಯ, ಅಷ್ಟೆ. ಆದರೆ ಜರ್ಮಾನಿಕ್ ಪದ ಇಟ್ಟ ಕೊನೆಯ ಹೆಜ್ಜೆಯನ್ನು ಇವು ಯಾವುವೂ ಇಟ್ಟಿಲ್ಲ. ಮೇಜಿನ ಮೇಲೊಂದು ಸಂಗತಿ ಇದೆ ಎಂದು ನಾವು ಹೇಳಲಾರೆವು. ‘ಪದಾರ್ಥ’ವೇನೋ ‘ಪದದ ಅರ್ಥ’ದಿಂದ ಹೊರಟು ಜಡವಸ್ತುವಾಗಿ, ದಕ್ಷಿಣ ಕನ್ನಡದಲ್ಲಿ ಅನ್ನಕ್ಕೆ ಕಲಸಿಕೊಳ್ಳುವ ವ್ಯಂಜನವೂ ಆಯಿತು, ಆದರೆ ಅದು ಸಭೆಯಿಂದ ಹೊರಟದ್ದಲ್ಲ.

ಆದ್ದರಿಂದ ನನ್ನ ಪ್ರಶ್ನೆಗಳು ಎರಡು. ‘ಪಂಚಾಯ್ತಿ’ ಪದವು ಜಗಳ, ತಂಟೆ, ಅಧಿಕಪ್ರಸಂಗಗಳ ಛಾಯೆಯಿಲ್ಲದೆ ಕೇವಲ ‘ವಿಷಯ’ ಎಂಬ ಅರ್ಥದಲ್ಲಿ ಯಾವ ಸೀಮೆಯಲ್ಲಾದರೂ ಬಳಕೆಯಲ್ಲಿದೆಯೇ? ಮತ್ತು ಸಭೆಗೋ ವ್ಯಾಜ್ಯಕ್ಕೋ ಮೀಸಲಾಗಿದ್ದು, ಕಣ್ಣಿಗೆ ಕಾಣುವ ಸಾಮಾನಿಗೆ ಹೆಸರಾಗಿ ನಿಂತ ಪದ ಕನ್ನಡದಲ್ಲಿ, ಇಲ್ಲವೇ ತುಳು, ಕೊಡವ ಭಾಷೆಗಳಲ್ಲಿ, ಯಾರಿಗಾದರೂ ತಿಳಿದಿದೆಯೇ?