ಅಪ್‌ಡೇಟ್: ಲಾಗಿನ್ ಪರದೆ ಕೊನೆಗೂ ತೊಲಗಿತು

ನಾನೊಬ್ಬನೇ ಬಳಸುವ ಮನೆಯ ವಿಂಡೋಸ್ 11 ಕಂಪ್ಯೂಟರ್ ಪ್ರತಿ ಸಲವೂ ಪಿನ್ ಕೇಳುತ್ತದೆ, ತಪ್ಪಿಸುವುದು ಹೇಗೆ ಎಂದು ಕೇಳಿದ್ದೆ. ‘ನೆಟ್‌ಪಿಎಲ್‌ವಿಜ್’ (netplwiz, ಬಳಕೆದಾರರ ಖಾತೆಗಳನ್ನು ನೋಡಿಕೊಳ್ಳುವ ವಿಂಡೋಸ್‌ನದೇ ಕಿಟಕಿ) ತೆರೆದು ಪಾಸ್‌ವರ್ಡ್ ಕಡ್ಡಾಯ ಎನ್ನುವ ಚೌಕದ ಗುರುತು ತೆಗೆಯಿರಿ ಎಂದು ಹಲವರು ಹೇಳಿದಿರಿ. ತೆರೆದರೆ ಆ ಚೌಕವೇ ಇಲ್ಲ! ಅರ್ಧ ಗಂಟೆ ನನ್ನ ಕಣ್ಣನ್ನೇ ಅನುಮಾನಿಸಿದೆ.

ಕೀಲಿ ಇದ್ದದ್ದು ಬೇರೆಡೆ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ಸೈನ್-ಇನ್ ಆಯ್ಕೆಗಳು. ಅಲ್ಲಿ ಮೈಕ್ರೋಸಾಫ್ಟ್ ಖಾತೆಗೆ ‘ವಿಂಡೋಸ್ ಹಲೋ’ (ಪಿನ್, ಮುಖ ಅಥವಾ ಬೆರಳಚ್ಚಿನಿಂದ ಒಳಹೋಗುವ ವ್ಯವಸ್ಥೆ) ಮೂಲಕ ಮಾತ್ರ ಪ್ರವೇಶ ಎಂಬ ಆಯ್ಕೆ ಚಾಲೂ ಇತ್ತು. ಅದನ್ನು ಆಫ್ ಮಾಡಿ ನೆಟ್‌ಪಿಎಲ್‌ವಿಜ್ ಮತ್ತೆ ತೆರೆದಾಗ ಚೌಕ ಪ್ರತ್ಯಕ್ಷ. ಗುರುತು ತೆಗೆದೆ, ಕೇಳಿದ ಪಾಸ್‌ವರ್ಡಿನ ಜಾಗದಲ್ಲಿ ಅಭ್ಯಾಸಬಲದಿಂದ ಪಿನ್ ಒತ್ತಿದೆ. ಮುಂದಿನ ಸಲ ಆನ್ ಮಾಡಿದಾಗ ಪಾಸ್‌ವರ್ಡ್ ತಪ್ಪು ಎಂದಿತು. ಅಲ್ಲಿ ಬೇಕಾದದ್ದು ಖಾತೆಯ ನಿಜವಾದ ಪಾಸ್‌ವರ್ಡ್. ಅದನ್ನು ನಾನು ಮರೆತೇ ಬಿಟ್ಟಿದ್ದೆ, ಹೊಸದಾಗಿ ಹೊಂದಿಸಬೇಕಾಯಿತು.

ಕಂಪ್ಯೂಟರ್ ನಿದ್ರೆಯಿಂದ (ಸ್ಲೀಪ್) ಎದ್ದಾಗ ಕೇಳುವುದು ಬೇರೆಯೇ ಲೆಕ್ಕ: ಅದೇ ಸೈನ್-ಇನ್ ಪುಟದಲ್ಲಿ ‘ನೆವರ್’ ಆರಿಸಿದ ಮೇಲೆ ಅದೂ ನಿಂತಿತು.

ಹೊರಗೆ ಒಯ್ಯುವ ಲ್ಯಾಪ್‌ಟಾಪ್‌ಗೆ ಮಾತ್ರ ಇದನ್ನು ಮಾಡಿಲ್ಲ. ಎಚ್ಚರಿಸಿದವರ ಮಾತು ಸರಿ. ಕಳೆದುಹೋದರೆ ಸಿಕ್ಕವರಿಗೆ ಎಲ್ಲವೂ ತೆರೆದ ಬಾಗಿಲು.