24 ಮಗ್ಗದ ಶೆಡ್ಡಿಗೂ ಮ್ಯಾನೇಜ್‌ಮೆಂಟ್ ಬೇಕಾ?

ಲಾಳಿ_ದೊಡ್ಡಬಳ್ಳಾಪುರ: ನಮ್ಮದು 24 ಪವರ್‌ಲೂಮ್, ಅಪ್ಪನ ಕಾಲದ್ದು. ತಂಗಿ ಎಂಬಿಎ ಮುಗಿಸಿ ಬಂದಳು. ಬಂದ ವಾರವೇ ಗೋಡೆಗೆ ಒಂದು ಬೋರ್ಡ್ ಹೊಡೆಸಿದಳು. ಯಾವ ಮಗ್ಗ ಎಷ್ಟು ಹೊತ್ತು ನಿಂತಿತ್ತು, ಯಾಕೆ ನಿಂತಿತ್ತು, ದಿನಾ ಬರೆಯಬೇಕಂತೆ. ಮೇಸ್ತ್ರಿ ಈಗ ಅದರ ಮೇಲೆ ಟವೆಲ್ ಒಣಗಿ ಹಾಕುತ್ತಾರೆ. ನನಗೂ ಒಳಗೊಳಗೆ ಅದೇ ಸರಿ ಅನ್ನಿಸುತ್ತದೆ. ಮಗ್ಗ ನಿಂತರೆ ಕಿವಿಗೇ ಗೊತ್ತಾಗುತ್ತದೆ, ಅಲ್ವಾ? "ಇದಕ್ಕೆಲ್ಲ ರಿಸರ್ಚ್ ಇದೆ ಅಣ್ಣಾ" ಅಂತಾಳೆ. ನಿಜವಾಗಿ ಇದೆಯಾ, ಸುಮ್ನೆ ಹೇಳ್ತಾಳಾ?

ಕಾಮರ್ಸ್_ಮೇಷ್ಟ್ರು: ಇದೆ. ಅದೂ ಮಗ್ಗದ ಮೇಲೇ! ಮುಂಬೈ ಹತ್ತಿರದ ತಾರಾಪುರ, ಉಂಬರ್ಗಾಂವ್ ಕಡೆಯ 17 ಬಟ್ಟೆ ಕಂಪನಿಗಳನ್ನು ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಜೊತೆಗಾರರು ಆರಿಸಿಕೊಂಡರು. ಲಾಟರಿ ಎತ್ತಿದ ಹಾಗೆ ಕೆಲವು ಮಿಲ್ಲುಗಳಿಗೆ ಮಾತ್ರ ಕನ್ಸಲ್ಟೆಂಟ್‌ಗಳು ಪೂರ್ತಿ ಪುಕ್ಕಟೆಯಾಗಿ ಕೆಲಸ ತಿದ್ದಿಕೊಟ್ಟರು. ಮೊದಲು ಅಲ್ಲಿನ ಸ್ಥಿತಿ ನೋಡಬೇಕಿತ್ತು: ನೂಲಿನ ಚೀಲಕ್ಕೆ ಚೀಟಿಯಿಲ್ಲ, ಕಸ ಮಗ್ಗದ ಪಕ್ಕದಲ್ಲೇ. ಮಾಡಿಸಿದ್ದು ದೊಡ್ಡದೇನಲ್ಲ. ನೂಲು ಎಣಿಸಿಡು, ಬಟ್ಟೆಯ ದೋಷ ಬರೆದಿಡು, ಮಗ್ಗ ಯಾಕೆ ನಿಂತಿತು ಅಂತ ಗುರುತು ಹಾಕು. ಮೊದಲ ವರ್ಷವೇ ಉತ್ಪಾದಕತೆ 17% ಹೆಚ್ಚಿತು. ಪ್ರಬಂಧ 2013ರಲ್ಲಿ ಬಂತು. ಇಷ್ಟು ದಿನ ಯಾಕೆ ಮಾಡಿರಲಿಲ್ಲ ಅಂದರೆ, ಎಷ್ಟೋ ಮಾಲೀಕರದ್ದು ನಿಮ್ಮದೇ ಮಾತು: ನಮಗೆ ಅದರ ಅಗತ್ಯವಿಲ್ಲ.

ಬನಹಟ್ಟಿ_ನೇಕಾರ: ಪುಕ್ಕಟೆ ಸಿಕ್ಕರೆ ಯಾರು ಬೇಡ ಅಂತಾರೆ ಸರ್. ಕನ್ಸಲ್ಟೆಂಟ್ ಹೋದ ಮೇಲೆ ಏನಾಯ್ತು ಹೇಳಿ.

ಕಾಮರ್ಸ್_ಮೇಷ್ಟ್ರು: ಅದನ್ನೂ ನೋಡಿದ್ದಾರೆ. ಸುಮಾರು ಎಂಟೊಂಬತ್ತು ವರ್ಷ ಬಿಟ್ಟು ಅದೇ ಮಿಲ್ಲುಗಳಿಗೆ ಮತ್ತೆ ಹೋದರು. ಕಲಿಸಿದ್ದರಲ್ಲಿ ಹತ್ತಿರ ಹತ್ತಿರ ಅರ್ಧ ಬಿಟ್ಟುಹೋಗಿತ್ತು. ಕಾರಣ, ಮ್ಯಾನೇಜರ್ ಕೆಲಸ ಬಿಟ್ಟಿದ್ದು, ಮಾಲೀಕರಿಗೆ ಪುರುಸೊತ್ತಿಲ್ಲದ್ದು. ಆದರೂ ಕಲಿಸದ ಮಿಲ್ಲುಗಳಿಗಿಂತ ಇವರೇ ಮುಂದಿದ್ದರು. ನಿಮ್ಮಲ್ಲೂ ತಂಗಿ ಮದುವೆಯಾಗಿ ಹೋದರೆ ಬೋರ್ಡ್ ಯಾರು ಬರೆಯುತ್ತಾರೆ, ಅದನ್ನು ಈಗಲೇ ಯೋಚಿಸಿ.

ಲಾಳಿ_ದೊಡ್ಡಬಳ್ಳಾಪುರ: ಹತ್ತು ದಿನ ಬರೆದು ನೋಡಿದೆವು. (ತಂಗಿ ಎಲ್ಲಿಗೂ ಹೋಗಲ್ಲವಂತೆ, ಮೇಷ್ಟ್ರಿಗೆ ತಿಳಿಸು ಅಂದಳು.) 7ನೇ ಮಗ್ಗ ಹಳೇದು, ಅದೇ ತೊಂದರೆ ಅಂದುಕೊಂಡಿದ್ದೆ. ಬೋರ್ಡಿನಲ್ಲಿ ಅದರ ಮುಂದೆ ಮತ್ತೆ ಮತ್ತೆ ಒಂದೇ ಮಾತು: "ಕಂಡಿಕೆ ಇಲ್ಲ", ಅಂದರೆ ಲಾಳಿಯೊಳಗೆ ಹಾಕುವ ನೂಲು ಸುತ್ತಿದ ಕಡ್ಡಿ ಇಲ್ಲ. ಸುತ್ತುವ ಹುಡುಗ ಮೊದಲ ಸಾಲಿಗೆ ಕೊಟ್ಟು, ಇತ್ತ ಬರುವಷ್ಟರಲ್ಲಿ ಬುಟ್ಟಿ ಖಾಲಿ! ಮಗ್ಗ ಮಾರೋಕೆ ಗಿರಾಕಿ ಹುಡುಕ್ತಿದ್ದೆ ನಾನು. ಈಗ ಆ ಕಡೆಗೂ ಒಂದು ಬುಟ್ಟಿ ಇಟ್ಟಿದ್ದೇವೆ. ಟವೆಲ್ಲಿಗೆ ಬೇರೆ ಮೊಳೆ ಹೊಡೆದಾಯ್ತು.