ಹಡಗಿನ ಬಫೆಗೆ ಟವೆಲ್ ಸುತ್ತಿಕೊಂಡು ಹೋದದ್ದು ಅಷ್ಟು ದೊಡ್ಡ ತಪ್ಪೇ?

ಪ್ರಶ್ನೆ: ಹೊಸ ಪ್ರಯಾಣಿಕೆ

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಾನು ಮೊದಲ ಬಾರಿಗೆ ಏಳು ರಾತ್ರಿಗಳ ಕ್ರೂಸ್ ಪ್ರಯಾಣ ಮುಗಿಸಿ ಬಂದೆ. ಎರಡನೆಯ ದಿನ ಮಧ್ಯಾಹ್ನ ಈಜುಕೊಳದಿಂದ ಎದ್ದು, ಈಜುಡುಗೆಯ ಮೇಲೆ ಟವೆಲ್ ಸುತ್ತಿಕೊಂಡು, ಅದೇ ಡೆಕ್ಕಿನಲ್ಲಿ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದ ಬಫೆಗೆ ಹೋದೆ. ಬಾಗಿಲಲ್ಲಿ ನಿಂತಿದ್ದ ಸಿಬ್ಬಂದಿಯೊಬ್ಬರು ನಗುಮುಖದಿಂದಲೇ, ಆದರೆ ಪಟ್ಟು ಬಿಡದೆ, ಮೇಲೊಂದು ಅಂಗಿ ಹಾಕಿಕೊಂಡು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಬರಬೇಕೆಂದರು. ಹಿಂದೆ ನಿಂತಿದ್ದವರೆಲ್ಲ ನೋಡುತ್ತಿದ್ದುದರಿಂದ ನಾಚಿಕೆಯಾಗಿ ಕ್ಯಾಬಿನ್ನಿಗೆ ಹಿಂದಿರುಗಿದೆ. ಆ ಹೊತ್ತಿನ ಊಟವನ್ನೇ ಬಿಟ್ಟೆ.

ಮರುದಿನ ಅದೇ ಬಫೆಯಲ್ಲಿ ಒಬ್ಬರು ಬ್ರೆಡ್ಡಿನ ಬುಟ್ಟಿಯ ಇಕ್ಕಳವನ್ನು ಬದಿಗಿಟ್ಟು, ಬರಿಗೈಯಿಂದಲೇ ಮೂರು ನಾಲ್ಕು ಬನ್ನುಗಳನ್ನು ಒತ್ತಿ ನೋಡಿ, ಮೆತ್ತಗಿದ್ದುದನ್ನು ಆರಿಸಿಕೊಂಡು ಉಳಿದವನ್ನು ಅಲ್ಲೇ ಬಿಟ್ಟು ಹೋದರು. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಅವರನ್ನು ಯಾರೂ ತಡೆಯಲಿಲ್ಲ. ನಾನೂ ಬಾಯಿ ಬಿಡಲಿಲ್ಲ, ಬಿಡಬೇಕಿತ್ತೇನೋ ಎಂದು ಈಗ ಅನ್ನಿಸುತ್ತಿದೆ.

ಮುಂದಿನ ವರ್ಷ ತಂದೆ ತಾಯಿಯನ್ನು ಕರೆದುಕೊಂಡು ಹೋಗುವ ಯೋಚನೆಯಿದೆ. ನಾವು ನೋಡುತ್ತಿರುವ ಹಡಗಿನಲ್ಲಿ ಕೆಲವು ಸಂಜೆ ವಿಧ್ಯುಕ್ತ ಉಡುಪು ಬೇಕಂತೆ, ತಂದೆಯವರು ಕೋಟು ಹಾಕುವುದಿಲ್ಲವೆಂದು ಈಗಲೇ ಹೇಳಿಬಿಟ್ಟಿದ್ದಾರೆ. ಪ್ರತಿ ರಾತ್ರಿಯೂ ಬಫೆಯಲ್ಲೇ ಊಟ ಮಾಡಿದರೆ ಯಾರಾದರೂ ಆಕ್ಷೇಪಿಸುತ್ತಾರೆಯೇ? ಬಫೆಯ ಉಡುಪಿಗೂ ನಡವಳಿಕೆಗೂ ಇರುವ ನಿಯಮಗಳ ಹಿಂದೆ ನಿಜವಾದ ಕಾರಣಗಳಿವೆಯೇ, ಇಲ್ಲವೇ ಇವೆಲ್ಲ ಬರೀ ಮೇಲುನೋಟದ ಠೀವಿಯೇ?

ಉತ್ತರ 1: ಹಳೆಯ ಗ್ಯಾಲಿಯವನು (ಗ್ಯಾಲಿ ಎಂದರೆ ಹಡಗಿನ ಅಡುಗೆಮನೆ)

ನಾನು ಒಂಬತ್ತು ವರ್ಷ ಹಡಗುಗಳ ಬಫೆಯಲ್ಲಿ ಕೆಲಸ ಮಾಡಿದವನು, ಆದ್ದರಿಂದ ಕೌಂಟರಿನ ಆಚೆಯಿಂದ ಕಂಡದ್ದನ್ನು ಹೇಳುತ್ತೇನೆ. ನಿಮ್ಮನ್ನು ತಡೆದ ಆ ಸಿಬ್ಬಂದಿ ತಮ್ಮ ಕೆಲಸವನ್ನಷ್ಟೇ ಮಾಡಿದ್ದಾರೆ. ಒದ್ದೆ ಈಜುಡುಗೆಯಲ್ಲಿ ಒಬ್ಬರು ಬಟ್ಟೆಯ ಮೆತ್ತೆಯಿರುವ ಕುರ್ಚಿಯಲ್ಲಿ ಹತ್ತು ನಿಮಿಷ ಕುಳಿತು ಎದ್ದರೆ, ಮುಂದೆ ಅಲ್ಲಿಗೆ ಬರುವವರು ತಿಳಿಯದೆ ಆ ಒದ್ದೆಯ ಮೇಲೆಯೇ ಕೂರುತ್ತಾರೆ. ನೆಲಕ್ಕೆ ತೊಟ್ಟಿಕ್ಕುವ ನೀರು ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಅಲ್ಲಿ ಓಡಾಡುವವರ ಕೈಯಲ್ಲಿ ಬಿಸಿ ಸೂಪಿನ ಬಟ್ಟಲು ಇರುತ್ತದೆ ಮತ್ತು ಕಾಲಡಿಯ ಹಡಗು ಸ್ವಲ್ಪವಾದರೂ ಓಲಾಡುತ್ತಿರುತ್ತದೆ. ಬರಿಗಾಲಿನ ವಿಷಯವೂ ಅಷ್ಟೇ. ಒಡೆದ ಲೋಟದ ಚೂರುಗಳನ್ನು ಎಷ್ಟೇ ಗುಡಿಸಿದರೂ ಮೇಜಿನ ಕಾಲಿನ ಬುಡದಲ್ಲಿ ಒಂದು ಉಳಿದೇ ಉಳಿಯುತ್ತದೆ.

ಆದರೂ ನಿಮ್ಮ ಅಸಮಾಧಾನದಲ್ಲಿ ನ್ಯಾಯವಿದೆ. ನೀವು ಮಾಡಿದ್ದಕ್ಕಿಂತ ಆ ಬನ್ನು ಒತ್ತಿದ ಮಹಾಶಯರು ಮಾಡಿದ್ದು ಹತ್ತು ಪಟ್ಟು ದೊಡ್ಡ ತಪ್ಪು. ಬಾಗಿಲಲ್ಲಿ ನಿಂತವರಿಗೆ ಉಡುಪು ಕಾಣುತ್ತದೆ, ಕೈ ಕಾಣುವುದಿಲ್ಲ. ತೊಂದರೆಯೆಲ್ಲ ಇರುವುದು ಕೈಯಲ್ಲೇ. ಹಡಗಿನಲ್ಲಿ ವಾಂತಿ-ಭೇದಿ ಹಬ್ಬಿತೆಂದರೆ ಬಹುತೇಕ ಅದರ ಹಿಂದಿರುವುದು ನೋರೋವೈರಸ್. ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಎಂಬ ಊರಿನ ಶಾಲೆಯಲ್ಲಿ 1968ರಲ್ಲಿ ಹಬ್ಬಿದ ಕಾಯಿಲೆಯಿಂದ ಅದಕ್ಕೆ ಆ ಹೆಸರು ಬಂತು. ಒಬ್ಬರು ಹಾಸಿಗೆ ಹಿಡಿಯಲು ಬೆರಳೆಣಿಕೆಯ ಕೆಲವೇ ಕಣಗಳು ಸಾಕಾಗಬಹುದು, ಮತ್ತು ಸೋಂಕು ತಗಲಿದ 12ರಿಂದ 48 ಗಂಟೆಗಳ ನಂತರವೇ ಲಕ್ಷಣಗಳು ಕಾಣಿಸಿಕೊಳ್ಳುವುದರಿಂದ ಯಾವ ಇಕ್ಕಳದಿಂದ ಬಂತೆಂದು ಆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಇಲ್ಲಿ ಹೆಚ್ಚಿನವರು ಎಡವುವ ಸಂಗತಿಯೊಂದಿದೆ. ಬಫೆಯ ಬಾಗಿಲಲ್ಲಿ ಸಿಂಪಡಿಸುವ ಆಲ್ಕೋಹಾಲಿನ ಸ್ಯಾನಿಟೈಸರ್ ಈ ವೈರಸ್ಸಿನ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಸೋಪು ಹಚ್ಚಿ, ಇಪ್ಪತ್ತು ಸೆಕೆಂಡಾದರೂ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆದರೆ ಮಾತ್ರ ಅದು ಕೈಬಿಟ್ಟು ಹೋಗುತ್ತದೆ. ಇತ್ತೀಚಿನ ಹಲವು ಹಡಗುಗಳಲ್ಲಿ ಬಫೆಯ ಬಾಗಿಲಲ್ಲೇ ಕೈತೊಳೆಯುವ ತೊಟ್ಟಿಗಳನ್ನು ಸಾಲಾಗಿ ಕೂರಿಸಿರುವುದು ಇದಕ್ಕಾಗಿಯೇ. ಅವನ್ನು ಬಳಸದೆ ಪಕ್ಕದಿಂದ ನುಸುಳಿ ಹೋಗುವವರನ್ನು ನಾನು ದಿನಾಲೂ ನೋಡಿದ್ದೇನೆ.

ಇನ್ನೊಂದು ಮಾತು. ಇಡೀ ಬಫೆಯಲ್ಲಿ ಅತ್ಯಂತ ಕೊಳಕಾದ ಜಾಗ ಇಕ್ಕಳದ ಹಿಡಿ. ನೂರಾರು ಜನ ಹಿಡಿಯುವ ಆ ಹಿಡಿ ಜಾರಿ ತಿನಿಸಿನೊಳಗೇ ಬಿದ್ದಿರುವುದನ್ನು ಕಂಡರೆ ನಾವು ಇಕ್ಕಳದ ಜೊತೆಗೆ ಆ ತಟ್ಟೆಯನ್ನೂ ಎತ್ತಿಕೊಂಡು ಹೋಗುತ್ತಿದ್ದೆವು. ಬಾಗಿಲಲ್ಲಿ ಕೈ ತೊಳೆದವರು ಆರು ಇಕ್ಕಳ, ಎರಡು ಸೌಟು ಹಿಡಿದು, ಮೇಜಿಗೆ ಬಂದು, ಅದೇ ಕೈಯಲ್ಲಿ ಬನ್ನು ಮುರಿದು ಬಾಯಿಗಿಡುತ್ತಾರೆ. ಮೊದಲು ತೊಳೆದದ್ದು ಇತರರ ರಕ್ಷಣೆಗೆ ಆಯಿತು. ತಮ್ಮ ರಕ್ಷಣೆಗೆ ತಟ್ಟೆಯನ್ನು ಮೇಜಿನ ಮೇಲಿಟ್ಟ ಮೇಲೆ ಇನ್ನೊಮ್ಮೆ ತೊಳೆಯಬೇಕು, ಇಲ್ಲವೇ ಚಮಚ ಮುಳ್ಳುಚಮಚದಲ್ಲೇ ತಿನ್ನಬೇಕು.

ಎರಡನೆಯ ಸಲ ಬಡಿಸಿಕೊಳ್ಳಲು ಹೋಗುವಾಗ ಉಂಡ ತಟ್ಟೆಯನ್ನೇ ಒಯ್ಯಬೇಡಿ, ಹೊಸದನ್ನು ತೆಗೆದುಕೊಳ್ಳಿ. ನೀರನ್ನು ಮಿಗಿಸುವ ಸದುದ್ದೇಶದಿಂದ ಹಳೆಯ ತಟ್ಟೆ ಹಿಡಿದು ಬರುವವರಿದ್ದಾರೆ, ಆದರೆ ಸೌಟಿನ ತುದಿ ಆ ಎಂಜಲಿಗೆ ತಾಗಿ ಮತ್ತೆ ಪಾತ್ರೆಗೆ ಇಳಿಯುತ್ತದೆ. ಅಮೆರಿಕದ ಆಹಾರ ಸಂಹಿತೆಯಲ್ಲೂ ಬಳಸಿದ ತಟ್ಟೆಯೊಂದಿಗೆ ಬಡಿಸಿಕೊಳ್ಳಲು ಬರುವುದಕ್ಕೆ ಅವಕಾಶವಿಲ್ಲ. ಕುಡಿಯುವ ನೀರಿನ ನಲ್ಲಿಗೆ ಸ್ವಂತ ಬಾಟಲಿಯ ಬಾಯಿಯನ್ನು ಒತ್ತಿ ಹಿಡಿಯಬಾರದೆಂಬ ಸೂಚನೆಯ ಹಿಂದಿರುವುದೂ ಇದೇ ಲೆಕ್ಕ. ಲೋಟದಲ್ಲಿ ಹಿಡಿದು ಬಾಟಲಿಗೆ ಸುರಿದುಕೊಂಡರೆ ಆಯಿತು.

ಉತ್ತರ 2: ಆರು ಹಡಗುಗಳ ಅನುಭವಿ

ನೈರ್ಮಲ್ಯದ ಬಗ್ಗೆ ಮೇಲಿನವರು ಹೇಳಿದ ಮೇಲೆ ನಾನು ಸೇರಿಸುವುದೇನೂ ಇಲ್ಲ, ನಿಮ್ಮ ತಂದೆಯವರ ಕೋಟಿನ ಪ್ರಶ್ನೆಗೆ ಬರುತ್ತೇನೆ. ಅವರು ನಿಶ್ಚಿಂತೆಯಿಂದಿರಲಿ. ಸಾಮಾನ್ಯವಾಗಿ ವಿಧ್ಯುಕ್ತ ಉಡುಪಿನ ನಿಯಮ ಮುಖ್ಯ ಭೋಜನಶಾಲೆಗೆ ಅನ್ವಯಿಸುತ್ತದೆ, ಬಫೆಗೆ ಅಲ್ಲ. ಅಲಂಕರಿಸಿಕೊಳ್ಳಲು ಮನಸ್ಸಿಲ್ಲದವರಿಗೆ ಆ ಸಂಜೆ ಬಫೆಯೇ ಆಶ್ರಯ. ಉಡುಪಿನ ವಿಷಯದಲ್ಲಿ ಬಿಗಿಯೆಂದು ಹೆಸರಾದ ಕ್ಯೂನಾರ್ಡ್ ಕಂಪನಿಯನ್ನೇ ತೆಗೆದುಕೊಳ್ಳಿ. ಅವರ ಹಡಗುಗಳಲ್ಲಿ ಸಂಜೆ 6 ಗಂಟೆಯ ನಂತರ ಉಡುಪಿನ ಮಟ್ಟ ಏರುತ್ತದೆ ಮತ್ತು ಗಾಲಾ ಎಂದು ಕರೆಯುವ ವಿಧ್ಯುಕ್ತ ಸಂಜೆಗಳಲ್ಲಿ ಗಂಡಸರು ಡಿನ್ನರ್ ಜಾಕೆಟ್ ಅಥವಾ ಗಾಢ ಬಣ್ಣದ ಸೂಟು ಧರಿಸುತ್ತಾರೆ. ಅಂಥ ಸಂಜೆಯಲ್ಲೂ 2004ರಿಂದ ಓಡುತ್ತಿರುವ ಕ್ವೀನ್ ಮೇರಿ 2 ಹಡಗಿನ ಕಿಂಗ್ಸ್ ಕೋರ್ಟ್ ಬಫೆಯಲ್ಲಿ ಸಾದಾ ಉಡುಪಿನವರು ಕುಳಿತು ಊಟ ಮಾಡಬಹುದು. ಇನ್ನೊಂದು ತುದಿಯಲ್ಲಿ ನಾರ್ವೇಜಿಯನ್ ಕ್ರೂಸ್ ಲೈನ್ 2000ದಲ್ಲಿ ಫ್ರೀಸ್ಟೈಲ್ ಎಂಬ ಪದ್ಧತಿಯನ್ನು ತಂದು, ನಿಗದಿತ ಊಟದ ಸಮಯವನ್ನೂ ಕಡ್ಡಾಯ ವಿಧ್ಯುಕ್ತ ಉಡುಪನ್ನೂ ಕೈಬಿಟ್ಟಿತು. ಟಿಕೆಟ್ ಕಾದಿರಿಸುವ ಮೊದಲು ಆಯಾ ಕಂಪನಿಯ ಉಡುಪಿನ ಪುಟವನ್ನು ಒಮ್ಮೆ ಓದಿ, ಒಂದೊಂದು ಕಂಪನಿಯದು ಒಂದೊಂದು ರೀತಿ.

ಹಾಗೆಂದು ಸಾದಾ ಉಡುಪಿಗೂ ಒಂದು ಎಲ್ಲೆಯಿದೆ. ಒದ್ದೆಯಿಲ್ಲದ ಬಟ್ಟೆ, ಮೈಮೇಲೆ ಅಂಗಿ, ಕಾಲಿಗೆ ಏನಾದರೊಂದು: ಹಗಲಿಗೆ ಇಷ್ಟು ಸಾಕು. ರಾತ್ರಿ ಚಡ್ಡಿಯ ಬದಲು ಉದ್ದ ಪ್ಯಾಂಟು ಹಾಕಿದರೆ ಎಲ್ಲಿಯೂ ತೊಡಕಾಗದು. ಬೆಳಗಿನ ತಿಂಡಿಗೆ ಕ್ಯಾಬಿನ್ನಿನಲ್ಲಿ ಕೊಟ್ಟ ಬಿಳಿಯ ಸ್ನಾನದ ನಿಲುವಂಗಿಯಲ್ಲೇ ಇಳಿದು ಬರುವವರನ್ನು ಕಂಡಿದ್ದೇನೆ. ಅದು ಮೈಯನ್ನೆಲ್ಲ ಮುಚ್ಚುತ್ತದೆ, ಒಣಗಿಯೂ ಇರುತ್ತದೆ, ಆದರೂ ಅದನ್ನು ಉಡುಪೆಂದು ಒಪ್ಪಲು ನನಗೆ ಆಗುವುದಿಲ್ಲ. ಈಜುಕೊಳಕ್ಕೆ ಹೋಗುವಾಗ ತೆಳ್ಳನೆಯ ಒಂದು ಉದ್ದಂಗಿಯನ್ನೂ ಹಗುರ ಚಪ್ಪಲಿಯನ್ನೂ ಚೀಲದಲ್ಲಿ ಇಟ್ಟುಕೊಳ್ಳಿ, ಒಂದು ನಿಮಿಷದಲ್ಲಿ ಸಿದ್ಧರಾಗುತ್ತೀರಿ.

ಉತ್ತರ 3: ಒಪ್ಪದವನು

ನನ್ನದೊಂದು ಭಿನ್ನಾಭಿಪ್ರಾಯ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಮಾತನ್ನು ಹಡಗಿನವರು ಹಣ ಕೊಟ್ಟು ರಜೆಗೆ ಬಂದವರ ಮೇಲೂ ಹೇರುತ್ತಾರೆ ಎಂಬುದು ನನ್ನ ದೂರು. ಒದ್ದೆ ಕುರ್ಚಿಯ ಕಾರಣವನ್ನು ಒಪ್ಪುತ್ತೇನೆ. ಆದರೆ ತೋಳಿಲ್ಲದ ಬನಿಯನ್ನಿಗೆ, ಟೋಪಿಗೆ, ಹರಿದಂತೆ ಹೊಲಿದ ಪ್ಯಾಂಟಿಗೆ ತಕರಾರು ತೆಗೆಯುವಾಗ ಯಾವ ನೈರ್ಮಲ್ಯದ ಕಾರಣವಿದೆ? ಅದು ಬರೀ ಅಭಿರುಚಿಯ ಪ್ರಶ್ನೆ, ಅದನ್ನು ಅಭಿರುಚಿಯೆಂದೇ ಕರೆಯುವ ಪ್ರಾಮಾಣಿಕತೆ ಇರಲಿ.

ಕಾಯಿಲೆಯ ಭಯವನ್ನೂ ಸ್ವಲ್ಪ ಹದದಲ್ಲಿಡಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪ್ರಕಾರವೇ, ವರದಿಯಾಗುವ ನೋರೋವೈರಸ್ ಹಾವಳಿಗಳಲ್ಲಿ ಕ್ರೂಸ್ ಹಡಗುಗಳ ಪಾಲು ಸುಮಾರು ಶೇಕಡಾ 1 ಮಾತ್ರ. ಹಡಗಿನದು ಸುದ್ದಿಯಾಗುತ್ತದೆ, ಶಾಲೆಯದೂ ವೃದ್ಧಾಶ್ರಮದ್ದೂ ಆಗುವುದಿಲ್ಲ.

ಹಳೆಯ ಗ್ಯಾಲಿಯವನು (ಉತ್ತರ 3ಕ್ಕೆ)

ಶೇಕಡಾ 1ರ ಮಾತು ಸರಿ, ಆದರೆ ಹಡಗಿನ ಹಾವಳಿ ಸುದ್ದಿಯಾಗುವುದಕ್ಕೆ ಕಾರಣ ಅಲ್ಲಿ ಲೆಕ್ಕ ಇಡುವುದು ಕಡ್ಡಾಯ ಎಂಬುದು. ಅದೇ ಕೇಂದ್ರ 1970ರ ದಶಕದಿಂದ ಹಡಗುಗಳ ನೈರ್ಮಲ್ಯಕ್ಕಾಗಿಯೇ ಪ್ರತ್ಯೇಕ ಕಾರ್ಯಕ್ರಮವೊಂದನ್ನು ನಡೆಸುತ್ತಿದೆ. ಪ್ರಯಾಣಿಕರಲ್ಲಿ ಅಥವಾ ಸಿಬ್ಬಂದಿಯಲ್ಲಿ ಶೇಕಡಾ 3ರಷ್ಟು ಮಂದಿಗೆ ಹೊಟ್ಟೆಯ ತೊಂದರೆ ಕಾಣಿಸಿಕೊಂಡರೆ ಹಡಗಿನ ಹೆಸರು ಸಾರ್ವಜನಿಕವಾಗಿ ಪ್ರಕಟವಾಗುತ್ತದೆ. ಪರೀಕ್ಷಕರು ಹೇಳದೆ ಕೇಳದೆ ಬಂದು 100ಕ್ಕೆ ಅಂಕ ಹಾಕುತ್ತಾರೆ, 86ಕ್ಕಿಂತ ಕಡಿಮೆ ಬಂದರೆ ಅನುತ್ತೀರ್ಣ. ಅವರು ಬಂದ ದಿನ ಥರ್ಮಾಮೀಟರಿನ ಕಡ್ಡಿಯನ್ನು ಬಿಸಿ ತಿನಿಸಿಗೆ ಚುಚ್ಚಿ 57 ಡಿಗ್ರಿ ಸೆಲ್ಸಿಯಸ್ ಇದೆಯೇ, ತಣ್ಣನೆಯದು 5 ಡಿಗ್ರಿಯೊಳಗೆ ಇದೆಯೇ ಎಂದು ನೋಡುತ್ತಿರುವಾಗ ನಮ್ಮ ಹೊಟ್ಟೆಯಲ್ಲಿ ಆಗುತ್ತಿದ್ದ ತಳಮಳ ಯಾವ ವೈರಸ್ಸಿನದೂ ಆಗಿರಲಿಲ್ಲ.

ಟೋಪಿಯ ವಿಷಯದಲ್ಲಿ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಅದು ಅಭಿರುಚಿಯೇ.

ಹೊಸ ಪ್ರಯಾಣಿಕೆ

ಎಲ್ಲರಿಗೂ ಧನ್ಯವಾದಗಳು, ಉದ್ದಂಗಿಯ ಸಲಹೆಯನ್ನು ಈಗಲೇ ಪಟ್ಟಿಗೆ ಸೇರಿಸಿದೆ. ಇನ್ನು ಮೂರು ಸಣ್ಣ ಸಂದೇಹಗಳಿವೆ. ಬನ್ನು ಒತ್ತುವವರನ್ನು ಕಂಡಾಗ ನಾನೇ ಹೇಳಬೇಕೇ? ತಂದೆಯವರ ಕೈ ನಡುಗುತ್ತದೆ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಸೌಟು ಹಿಡಿದರೆ ಚೆಲ್ಲುವುದು ಖಂಡಿತ, ಹಿಂದಿನವರಿಗೆ ತಡವಾದರೆ ಅವರಿಗೆ ಸಂಕೋಚ. ಮತ್ತು ಮಧ್ಯಾಹ್ನದ ಹೊತ್ತು ಮೇಜು ಸಿಗದೆ ನಾವು ತಟ್ಟೆ ಹಿಡಿದು ಅಲೆದಾಡಿದ ನೆನಪಿದೆ. ಒಬ್ಬರ ಪುಸ್ತಕ ಒಂದು ಮೇಜನ್ನು ಮುಕ್ಕಾಲು ಗಂಟೆ ಕಾದಿತ್ತು.

ಹಳೆಯ ಗ್ಯಾಲಿಯವನು

ಮೊದಲನೆಯದಕ್ಕೆ: ನೀವಾಗಿ ಅವರೊಂದಿಗೆ ವಾದಕ್ಕಿಳಿಯಬೇಡಿ. ಹತ್ತಿರದ ಸಿಬ್ಬಂದಿಗೆ ಯಾರು ಎಂದು ತೋರಿಸುವ ಬದಲು ಯಾವ ಬುಟ್ಟಿ ಎಂದು ತೋರಿಸಿ. ಅವರು ಬುಟ್ಟಿಯನ್ನೇ ಎತ್ತಿಕೊಂಡು ಹೋಗಿ ಹೊಸದನ್ನು ತಂದಿಡುತ್ತಾರೆ, ಜಗಳವಿಲ್ಲದೆ ಕೆಲಸ ಮುಗಿಯುತ್ತದೆ. ನಮಗೆ ಹಾಗೆ ಹೇಳಿದವರ ಮೇಲೆ ನಾವೆಂದೂ ಬೇಸರಪಟ್ಟದ್ದಿಲ್ಲ. ಪ್ರಯಾಣಿಕರು ನೋಡಿಯೂ ಸುಮ್ಮನಿದ್ದರೆ ನಮಗೆ ತಿಳಿಯುವ ದಾರಿಯೇ ಇಲ್ಲ.

ಎರಡನೆಯದಕ್ಕೆ: ತಂದೆಯವರು ಮೇಜಿನಲ್ಲಿ ಕುಳಿತಿರಲಿ. ಸಿಬ್ಬಂದಿಯನ್ನು ಕರೆದು ತಟ್ಟೆ ತರಲು ನೆರವು ಬೇಕೆಂದರೆ ಸಂತೋಷದಿಂದ ಬರುತ್ತಾರೆ. ಆದರೆ ತಂದೆಯವರಿಗೆ ತಾವೇ ನೋಡಿ ಆರಿಸಿಕೊಳ್ಳುವ ಆಸೆಯಿದ್ದರೆ ಅದನ್ನು ತಪ್ಪಿಸಬೇಡಿ. ಅವರು ಮುಂದೆ ನಡೆದು ಬೆರಳು ತೋರಿಸಲಿ, ತಟ್ಟೆಯನ್ನು ಇನ್ನೊಬ್ಬರು ಹಿಡಿಯಲಿ. ಬಾಗಿಲು ತೆರೆದ ಮೊದಲ ಇಪ್ಪತ್ತು ನಿಮಿಷ ನೂಕುನುಗ್ಗಲು ಹೆಚ್ಚು. ಮುಕ್ತಾಯಕ್ಕೆ ಒಂದು ಗಂಟೆ ಮೊದಲು ಹೋದರೆ ತಿನಿಸೂ ಇರುತ್ತದೆ, ಜಾಗವೂ ಇರುತ್ತದೆ.

ಅಂದ ಹಾಗೆ, ಹಲವು ಹಡಗುಗಳ ಬಫೆಯಲ್ಲಿ ಈಗ ಒಂದೇ ಉದ್ದ ಸಾಲಿಲ್ಲ, ಸೂಪಿಗೊಂದು, ಹಣ್ಣಿಗೊಂದು, ಬ್ರೆಡ್ಡಿಗೊಂದು ಎಂಬಂತೆ ಬಿಡಿಬಿಡಿ ಕಟ್ಟೆಗಳಿರುತ್ತವೆ. ಅಲ್ಲಿ ಹಣ್ಣು ಮಾತ್ರ ಬೇಕಾದವರು ನೇರವಾಗಿ ಹಣ್ಣಿನ ಕಟ್ಟೆಗೆ ಹೋದರೆ ಅದು ಸರದಿ ತಪ್ಪಿಸಿದಂತಲ್ಲ. ಒಂದೇ ಸಾಲಿರುವ ಕಡೆ ಮಾತ್ರ ನಡುವೆ ಕೈ ಚಾಚಬಾರದು.

ಆರು ಹಡಗುಗಳ ಅನುಭವಿ

ಮೇಜಿನ ವಿಷಯ ನನಗೆ ಬಿಡಿ. ಇಬ್ಬರಿದ್ದಾಗ ಒಬ್ಬರು ಕುಳಿತು ಇನ್ನೊಬ್ಬರು ಬಡಿಸಿಕೊಂಡು ಬರುವುದು ಸರಿಯೇ, ಒಂಟಿಯಾಗಿ ಬಂದವರು ಎರಡನೆಯ ಸಲ ಎದ್ದಾಗ ಕುರ್ಚಿಯ ಮೇಲೆ ಕರವಸ್ತ್ರ ಇಡುವುದೂ ಸರಿಯೇ. ಊಟ ಮುಗಿದ ಮೇಲೆ ಪುಸ್ತಕವನ್ನು ಕಾವಲಿಗೆ ಬಿಟ್ಟು ಹೋಗುವುದು ಸರಿಯಲ್ಲ. ಮೇಜು ಸಿಗದಿದ್ದಾಗ ನಾಲ್ಕು ಕುರ್ಚಿಯ ಮೇಜಿನಲ್ಲಿ ಒಬ್ಬರೇ ಕುಳಿತವರನ್ನು ಕೇಳಿನೋಡಿ. ನನ್ನನ್ನು ಹಾಗೆ ಕೇಳಿ ಕುಳಿತ ದಂಪತಿಗಳೊಬ್ಬರು ಆ ವಾರವೆಲ್ಲ ನನ್ನ ಜೊತೆ ಊಟ ಮಾಡಿದರು.

ತಂದೆ ತಾಯಿಗೆ ಇದೊಂದನ್ನು ಮಾತ್ರ ಮೊದಲೇ ಹೇಳಿಡಿ. ಬಫೆಯಿಂದ ಒಂದು ಸೇಬನ್ನು ಕ್ಯಾಬಿನ್ನಿಗೆ ಒಯ್ದರೆ ಯಾರೂ ಏನೂ ಅನ್ನುವುದಿಲ್ಲ. ಅದೇ ಸೇಬು ಚೀಲದಲ್ಲಿ ಉಳಿದು ಬಂದರಿನಲ್ಲಿ ಇಳಿದರೆ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಂಥ ದೇಶಗಳಲ್ಲಿ ಕೀಟ ಮತ್ತು ಸಸ್ಯರೋಗಗಳ ಭಯದಿಂದ ಕಟ್ಟುನಿಟ್ಟಿನ ನಿಷೇಧವಿದ್ದು ದಂಡ ತೆರಬೇಕಾಗುತ್ತದೆ. ಇಳಿಯುವ ದಿನ ಬೆಳಿಗ್ಗೆ ಅವರ ಚೀಲಗಳನ್ನು ನೀವೇ ಒಮ್ಮೆ ತಡಕಿ ನೋಡಿ.